ಕಾರ್ಡಿನ ಮೂಲೆಯ ಚುಕ್ಕೆ

ಬ್ಯಾಂಕಿನ ಕೌಂಟರುಗಳ ಹಿಂದೆ, ತಿಜೋರಿಗೂ ಶೌಚಾಲಯಕ್ಕೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ನಲವತ್ತೆರಡು ಕಬ್ಬಿಣದ ಡ್ರಾಯರು, ಡ್ರಾಯರುಗಳ ತುಂಬ ಹನ್ನೊಂದು ಸಾವಿರ ಚಿಲ್ಲರೆ ಕಾರ್ಡು, ಕಾರ್ಡಿಗೊಂದು ಮಾದರಿ ಸಹಿ. ಇಪ್ಪತ್ತೆಂಟು ವರ್ಷ ಆ ಕೋಣೆಯಲ್ಲಿ ಕೂತವರನ್ನು ಊರೆಲ್ಲ ಸಹಿ ಮಾಸ್ತರು ಎಂದೇ ಕರೆಯುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಪ್ಪು ಹುಡುಕುವವರನ್ನು ಮಾಸ್ತರು ಅನ್ನುವುದು ನಮ್ಮ ಜನರ ಹಳೆಯ ಚಾಳಿ, ಅಷ್ಟೇ.

ಕೆಲಸ ಸರಳ. ಹೊರಗೆ ಯಾರೋ ಹಣ ತೆಗೆಯುವ ಚೀಟಿ ಕೊಡುತ್ತಾರೆ, ಚೀಟಿ ಗೋಡೆಯ ಕಿಂಡಿಯಿಂದ ಒಳಗೆ ಬರುತ್ತದೆ. ಮಾಸ್ತರು ಕಾರ್ಡು ಎಳೆದು ಎರಡು ಸಹಿಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೊಂದಿದರೆ ಠಸ್ಸೆ, ಹೊಂದದಿದ್ದರೆ ವಾಪಸ್ಸು. ತೊಡಕೆಂದರೆ, ಕಾರ್ಡಿನ ಮೇಲಿನ ಸಹಿ ಹಾಕಿದ ದಿನದ ಹಾಗೇ ಇರುತ್ತದೆ. ಹಾಕಿದ ಕೈ ಹಾಗಿರುವುದಿಲ್ಲ. ಲಕ್ವ ಹೊಡೆಯುತ್ತದೆ, ಬೆರಳು ಯಂತ್ರಕ್ಕೆ ಸಿಗುತ್ತದೆ, ಕಣ್ಣು ಮಂಜಾಗುತ್ತದೆ. ಕೆಲಸ ಕಲಿಸಿದ ಹಳೆಯ ಗುಮಾಸ್ತರು ಮೊದಲ ವಾರವೇ ಹೇಳಿಕೊಟ್ಟಿದ್ದರು: "ಹೊಂದಲಿಲ್ಲ ಅಂದ ತಕ್ಷಣ ವಾಪಸ್ ತಳ್ಳಬೇಡ. ಎದ್ದು ಹೋಗಿ ಮುಖ ನೋಡು. ಎರಡು ಮಾತು ಕೇಳು. ಆಮೇಲೂ ಅವರೇ ಅನ್ನಿಸಿದ್ರೆ ಕಾರ್ಡಿನ ಮೂಲೆಗೆ ಪೆನ್ಸಿಲ್ಲಲ್ಲಿ ಒಂದು ಚುಕ್ಕೆ ಇಡು. ಮುಂದಿನ ಸಲ ಏಳೋದು ತಪ್ಪುತ್ತೆ."

ಸಾಸಿವೆ ಕಾಳಿನಷ್ಟು ಚುಕ್ಕೆ, ಬಲಗಡೆ ಮೇಲಿನ ಮೂಲೆಯಲ್ಲಿ. ಸಹಿ ಹೊಂದಲ್ಲ, ಆದರೆ ಆಳು ಅವರೇ, ನನಗೆ ಗೊತ್ತು ಎಂದು ಅದರ ಅರ್ಥ. ಯಾವ ನಿಯಮದ ಪುಸ್ತಕದಲ್ಲೂ ಅದು ಇರಲಿಲ್ಲ. ಮಾಸ್ತರು ಯಾರ ಮುಲಾಜಿಗೂ ಚುಕ್ಕೆ ಇಟ್ಟವರಲ್ಲ. ಒಮ್ಮೆ ಮ್ಯಾನೇಜರ ಭಾವಮೈದನನ್ನೇ ಎರಡು ಸಲ ವಾಪಸ್ಸು ಕಳಿಸಿದ್ದರು. ಇಪ್ಪತ್ತೆಂಟು ವರ್ಷಕ್ಕೆ ಇನ್ನೂರ ಹನ್ನೊಂದು ಚುಕ್ಕೆ. ಅದರಲ್ಲಿ ಒಂದೇ ಒಂದು ಪೈಸೆಯೂ ತಪ್ಪು ಕೈಗೆ ಹೋಗಿರಲಿಲ್ಲ. ಹೆಂಡತಿಯ ಹತ್ತಿರವೂ ಜಂಬ ಕೊಚ್ಚಿಕೊಳ್ಳದ ಮನುಷ್ಯ ಇದೊಂದನ್ನು ಮಾತ್ರ ಮನಸ್ಸಿನಲ್ಲೇ ಚಪ್ಪರಿಸುತ್ತಿದ್ದರು.

ಆ ಬ್ಯಾಂಕು ಮುಳುಗಿತು. ದೇಶದ ಅತಿ ದೊಡ್ಡ ಬ್ಯಾಂಕು, ಸರ್ಕಾರದ್ದೇ ಬ್ಯಾಂಕು. ಹದಿನೇಳು ಜನ ದೊಡ್ಡ ಮನುಷ್ಯರು ಕಾರ್ಖಾನೆ ಕಟ್ಟುತ್ತೇವೆಂದು ಸಾಲ ತೆಗೆದುಕೊಂಡು, ಕಾರ್ಖಾನೆಯನ್ನೂ ಕಟ್ಟಲಿಲ್ಲ, ಸಾಲವನ್ನೂ ಕಟ್ಟಲಿಲ್ಲ. ಆ ಹದಿನೇಳೂ ಜನರ ಸಹಿಗಳು ಕಾರ್ಡಿನ ಜೊತೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಿದ್ದವು. ಅವರಲ್ಲಿ ಯಾರ ಕೈಯೂ ನಡುಗುತ್ತಿರಲಿಲ್ಲ.

ಸರ್ಕಾರ ಕೈಚೆಲ್ಲಿ ವಿದೇಶಿ ಬಂಡವಾಳವನ್ನು ಕರೆಯಿತು. ಬಂಡವಾಳ ಬಂತು, ತನ್ನ ಷರತ್ತುಗಳನ್ನೂ ಹೊತ್ತು ತಂದಿತು. ಸಣ್ಣ ಶಾಖೆಗಳನ್ನು ಮುಚ್ಚಬೇಕು, ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಅಪಾಯದ ಖಾತೆಗಳನ್ನು ಬೇರೆ ಮಾಡಬೇಕು. ಹದಿನೇಳು ಜನ ತಿಂದದ್ದಕ್ಕೆ ಹನ್ನೊಂದು ಸಾವಿರ ಜನರ ಬಾಯಿ ಮೂಸಿ ನೋಡುವುದನ್ನು ಸುಧಾರಣೆ ಎಂದು ಕರೆದರು. ಶಾಖೆಗೆ ಗಾಜಿನ ಬಾಗಿಲು ಬಂತು. ಗಿರಾಕಿಗಳು ಕೂರುತ್ತಿದ್ದ ಮರದ ಬೆಂಚು ಹೋಗಿ, ಐದು ನಿಮಿಷಕ್ಕಿಂತ ಹೆಚ್ಚು ಕೂತರೆ ಬೆನ್ನು ಹಿಡಿಯುವ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನೌಕರರಲ್ಲಿ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಮನೆಗೆ ಕಳಿಸುವುದು ಎಂಬ ಪಟ್ಟಿ ತಯಾರಾಗುತ್ತಿದೆಯೆಂಬ ಸುದ್ದಿಯೂ ಬಂತು.

"ಪಟ್ಟಿಯಲ್ಲಿ ಮೊದಲನೇದು ನಾನು, ಎರಡನೇದು ನಿಮ್ಮ ಡ್ರಾಯರು," ಎಂದ ಶಾಖೆಯ ಜವಾನ, ಟೀ ಲೋಟ ಇಡುತ್ತಾ.

"ನಾನಲ್ವಾ?"

"ಡ್ರಾಯರ್ ಹೋದ್ಮೇಲೆ ನೀವು ಎಲ್ಲಿ ಕೂರ್ತೀರಿ ಮಾಸ್ತರೇ? ನೆಲದ ಮೇಲಾ?"

ಮಾಸ್ತರು ನಕ್ಕರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಉಳಿದವರಿಗೆ ಕೆಲಸ ಬಿಟ್ಟು ಹೋಗುವಾಗ ವಿದೇಶಿ ಹೂಡಿಕೆದಾರರು ಒಂದು ದೊಡ್ಡ ಗಂಟು ಕೊಡುತ್ತಾರಂತೆ.

ಹೂಡಿಕೆದಾರರ ತಪಾಸಣಾ ತಂಡ ಬಂದದ್ದು ಒಂದು ಸೋಮವಾರ. ಅದರ ಮುಖ್ಯಸ್ಥೆ ನಲವತ್ತರ ಆಸುಪಾಸಿನ ಹೆಂಗಸು, ಸಣ್ಣ ದನಿ, ಯಾರನ್ನೂ ಗದರಿಸುವವರಲ್ಲ. ಜೊತೆಗೊಬ್ಬ ದುಭಾಷಿ ತರುಣ. ಆಕೆ ಮಾಸ್ತರ ಕೋಣೆಗೆ ತಾವೇ ಬಂದರು, ಒಂದೊಂದು ಡ್ರಾಯರನ್ನೂ ತಾವೇ ಎಳೆದು ನೋಡಿದರು. ಕೈಗೆ ಧೂಳು ಹತ್ತಿದ್ದಕ್ಕೆ ಮುಖ ಸಿಂಡರಿಸಲಿಲ್ಲ. ಮಾಸ್ತರಿಗೆ ಮಾತ್ರ ಆ ಧೂಳು ತನ್ನ ಮೈಮೇಲಿಂದಲೇ ಉದುರಿದ್ದು ಅನ್ನಿಸಿತು. ಅಂಗಿಯ ತೋಳಿನ ಸವೆದ ಅಂಚನ್ನು ಒಳಕ್ಕೆ ಮಡಚಿಕೊಂಡರು.

ಆಕೆ ಒಂದು ಕಾರ್ಡನ್ನು ದೀಪಕ್ಕೆ ಹಿಡಿದರು. ಇನ್ನೊಂದನ್ನು ಹಿಡಿದರು. ಏನೋ ಕೇಳಿದರು.

"ಮೂಲೆಯಲ್ಲಿ ಈ ಚುಕ್ಕೆ ಯಾಕೆ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ಬಾಗಿಲಲ್ಲಿ ನಿಂತ ಮ್ಯಾನೇಜರ ಕಣ್ಣು ದೊಡ್ಡದಾಯಿತು. ಅವರಿಗೆ ಚುಕ್ಕೆಯ ಕಥೆ ಚೆನ್ನಾಗಿ ಗೊತ್ತಿತ್ತು.

ಸತ್ಯ ಮಾಸ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹೊಸ ಗಾಜಿನ ಬಾಗಿಲು, ಆ ಕಂಪ್ಯೂಟರು, ಆ ಇಸ್ತ್ರಿ ಮಾಡಿದ ಜನರ ಎದುರಿಗೆ 'ಮುಖ ನೋಡಿ ದುಡ್ಡು ಕೊಡ್ತೀವಿ' ಅನ್ನುವುದು ಎಷ್ಟು ಹಳ್ಳಿಮುಕ್ಕನ ಮಾತಾಗಿ ಕೇಳಿಸುತ್ತದೆ ಎಂದು ಅವರಿಗೆ ಅನ್ನಿಸಿಬಿಟ್ಟಿತು. ತನ್ನ ಬದುಕಿನಲ್ಲಿ ತಾನು ಮೆಚ್ಚಿಕೊಂಡಿದ್ದ ಒಂದೇ ಒಂದು ವಿಷಯಕ್ಕೆ ಆ ಕ್ಷಣ ನಾಚಿಕೆಪಟ್ಟರು.

"ಅವು ಅನುಮಾನದ ಸಹಿಗಳು ಮೇಡಂ," ಎಂದರು. "ಗುರುತು ಹಾಕಿ ಇಟ್ಟಿದೀನಿ."

ದುಭಾಷಿ ಹೇಳಿದ. ಆಕೆಯ ಮುಖ ಅರಳಿತು. ಇಷ್ಟು ಶಾಖೆ ನೋಡಿದೆವು, ಯಾರೂ ಹೇಳದೆ ತಾವಾಗಿಯೇ ಅಪಾಯದ ಖಾತೆಗಳನ್ನು ಗುರುತಿಸಿಟ್ಟವರು ಇವರೊಬ್ಬರೇ ಎಂದರಂತೆ. ಮಾಸ್ತರ ಕೈ ಕುಲುಕಿದರು. ಗುರುವಾರ ಒಂದು ಮೆಚ್ಚುಗೆ ಪತ್ರ ಬಂತು, ದಪ್ಪ ಕಾಗದ, ಬಂಗಾರದ ಅಂಚು. ಮ್ಯಾನೇಜರು ಎಲ್ಲರ ಮುಂದೆ ಓದಿಸಿ ಚಪ್ಪಾಳೆ ಹೊಡೆಸಿದರು. ಜವಾನ ಮಾತ್ರ ಟ್ರೇ ಹಿಡಿದುಕೊಂಡಿದ್ದರಿಂದ ಕೈ ಖಾಲಿಯಿಲ್ಲ ಎಂದು ಚಪ್ಪಾಳೆ ಹೊಡೆಯಲಿಲ್ಲ. ಟ್ರೇಯಲ್ಲಿ ಒಂದು ಲೋಟವೂ ಇರಲಿಲ್ಲ.

ಪತ್ರವನ್ನು ಮಾಸ್ತರು ಮನೆಗೆ ಒಯ್ದರು. ಹೆಂಡತಿ ಫ್ರೇಮು ಹಾಕಿಸಿದರು. ಮಾಸ್ತರು ಬೇಡ ಅನ್ನಲಿಲ್ಲ. ಮೊಳೆ ಹೊಡೆದವರೂ ಅವರೇ.

ಮರುವಾರ ಆ ಇನ್ನೂರ ಹನ್ನೊಂದು ಖಾತೆಗಳಿಗೂ ಕಂಪ್ಯೂಟರಿನಲ್ಲಿ ಬೀಗ ಬಿತ್ತು. ಬೀಗ ತೆಗೆಸಬೇಕಾದರೆ ಮೂರು ದಾಖಲೆ ಕೊಡಬೇಕು, ಕಾರ್ಡಿಗೆ ಹೊಂದುವಂಥ ಸಹಿ ಹಾಕಬೇಕು, ತೊಂಬತ್ತು ದಿನ ಕಾಯಬೇಕು. ಕಾರ್ಡಿಗೆ ಹೊಂದುವಂಥ ಸಹಿ ಹಾಕಬಲ್ಲವರಾಗಿದ್ದರೆ ಅವರಿಗೆ ಚುಕ್ಕೆ ಯಾಕೆ ಬೀಳುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಬಲ್ಲ ಒಬ್ಬರು ಗೋಡೆಯ ಹಿಂದೆ ಕೂತಿದ್ದರು.

ಜನ ಬರತೊಡಗಿದರು. ಮುದಿ ಬಸ್ ಡ್ರೈವರು ಬಂದ; ಅವನ ಎರಡೂ ಕೈ ಎಲೆಯಂತೆ ಅಲುಗುತ್ತವೆ. ಕೌಂಟರಿನ ಹುಡುಗಿಯ ಹತ್ತಿರ ವಾದ ಮಾಡಿ ಸೋತು, ಕಿಂಡಿಗೆ ಬಾಯಿ ಹಚ್ಚಿ ಕರೆದ: "ಮಾಸ್ತರೇ, ನಿಮ್ಮ ಮಗಳನ್ನ ಹತ್ತು ವರ್ಷ ಸ್ಕೂಲಿಗೆ ಬಿಟ್ಟೋನು ನಾನು. ನಾನು ಯಾರು ಅಂತ ಈ ಮಗೂಗೆ ಒಂದು ಮಾತು ಹೇಳ್ಬಾರ್ದಾ?"

"ಹೊಸ ನಿಯಮ," ಎಂದರು ಮಾಸ್ತರು, ಎದ್ದು ಬರದೆ. "ಫಾರಂ ತುಂಬಿ ಕೊಡಿ. ನನ್ನ ಕೈಲೇನಿಲ್ಲ."

"ಅಷ್ಟೂ ದಿನ ನಿಮ್ಮ ಕೈಲೇ ಇತ್ತಲ್ಲ."

ಮಾಸ್ತರು ಡ್ರಾಯರಿನಲ್ಲಿ ಏನನ್ನೋ ಹುಡುಕುವವರ ಹಾಗೆ ತಲೆ ತಗ್ಗಿಸಿದರು. ಆಮೇಲೆ ಅದೇ ಅಭ್ಯಾಸವಾಯಿತು. ಕಿಂಡಿಯಲ್ಲಿ ಪರಿಚಯದ ದನಿ ಕೇಳಿದ ಕೂಡಲೇ ಕೆಳಗಿನ ಡ್ರಾಯರು ಎಳೆಯುವುದು. ತೊಂಬತ್ತು ದಿನ ತಾನೆ, ಯಾರ ದುಡ್ಡೂ ಎಲ್ಲೂ ಹೋಗುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವುದು. ಆದರೆ ಇನ್ನೂರ ಹನ್ನೊಂದರಲ್ಲಿ ಒಂದು ಕಾರ್ಡನ್ನು ನೆನೆದಾಗ ಮಾತ್ರ ಆ ಸಮಾಧಾನ ನಿಲ್ಲುತ್ತಿರಲಿಲ್ಲ. ಅದು ಅವರ ಅಕ್ಕನದು.

ಅಕ್ಕ ಅವರಿಗಿಂತ ಹನ್ನೊಂದು ವರ್ಷ ದೊಡ್ಡವಳು. ದರ್ಜಿ ಅಂಗಡಿಗಳಿಗೆ ಅಂಗಿಯ ಕಾಜ ಹೊಲಿದು, ಗುಂಡಿ ಹಾಕಿ ಕೊಡುವುದು ಅವಳ ಕಸುಬು. ಅಂಗಿಗೆ ಏಳು ಕಾಜ. ಅಪ್ಪ ತೀರಿಕೊಂಡಾಗ ಮಾಸ್ತರು ಮೂರನೇ ಕ್ಲಾಸು. ಆಮೇಲಿನ ಪುಸ್ತಕ, ಶುಲ್ಕ, ಬ್ಯಾಂಕಿನ ಪರೀಕ್ಷೆಗೆ ಹಾಕಿಕೊಂಡು ಹೋದ ಅಂಗಿ, ಎಲ್ಲ ಅವಳ ಬೆರಳ ತುದಿಯಿಂದ ಬಂದದ್ದು. ಈಗ ಆ ಬೆರಳುಗಳು ಗಂಟುಗಟ್ಟಿ ಸೊಟ್ಟಗಾಗಿದ್ದವು. ಅವಳ ಸಹಿ ಏಳು ವರ್ಷದ ಹಿಂದೆಯೇ ಕೆಟ್ಟಿತ್ತು. ಅವಳು ವರ್ಷಕ್ಕೆ ಎರಡು ಸಲವಷ್ಟೇ ಬ್ಯಾಂಕಿಗೆ ಬರುವವಳು. ಅಷ್ಟರೊಳಗೆ ಎಲ್ಲ ಸರಿಹೋಗಬಹುದು ಎಂದು ಮಾಸ್ತರು ನಂಬಿದ್ದರು. ನಂಬಿದ್ದರು ಅನ್ನುವುದು ದೊಡ್ಡ ಮಾತು; ಅವಳು ಬರದಿರಲಿ ಎಂದು ಹಾರೈಸುತ್ತಿದ್ದರು.

ಮೂರನೇ ವಾರದ ಮಂಗಳವಾರ ಅವಳ ದನಿ ಕೇಳಿಸಿತು.

"ಅನುಮಾನ ಅಂದ್ರೇನಮ್ಮಾ? ನಾನು ನಾನಲ್ಲ ಅಂತಲಾ?"

"ಹಾಗಲ್ಲ ಅಜ್ಜಿ, ಸಿಸ್ಟಮಲ್ಲಿ ಹಾಗೆ ತೋರಿಸ್ತಿದೆ," ಎಂದಳು ಕೌಂಟರಿನ ಹುಡುಗಿ. ಪಾಪ, ಕೆಲಸಕ್ಕೆ ಸೇರಿ ಎರಡು ತಿಂಗಳು.

"ಈ ಕೈ ಸರಿ ಮಾಡಿಸೋಕೇ ದುಡ್ಡು ತೆಗೀಬೇಕು. ಶನಿವಾರ ಆಪರೇಷನ್, ನಾಳಿದ್ದು ಕಟ್ಟದಿದ್ರೆ ದಿನಾಂಕ ಬೇರೆಯವರಿಗೆ ಹೋಗುತ್ತೆ. ಕೈ ಸರಿ ಇದ್ರೆ ದುಡ್ಡು ಕೊಡ್ತೀರಿ, ದುಡ್ಡು ಕೊಟ್ರೆ ಕೈ ಸರಿಹೋಗುತ್ತೆ. ಮೊದಲು ಯಾವುದು ಮಾಡ್ಲಿ, ನೀನೇ ಹೇಳು."

ಸಾಲಿನಲ್ಲಿ ನಿಂತ ಯಾರೋ ನಕ್ಕರು. ಅಕ್ಕನೂ ಸ್ವಲ್ಪ ನಕ್ಕಿರಬೇಕು. ಆಮೇಲೆ ನಿಶ್ಚಿಂತೆಯ ದನಿಯಲ್ಲಿ ಹೇಳಿದಳು: "ಬಿಡು, ನೀನು ಹೊಸಬಳು. ಒಳಗೆ ನನ್ನ ತಮ್ಮ ಇದಾನೆ, ಸಹಿ ನೋಡೋನು. ಅವನನ್ನ ಕೇಳು."

ಹುಡುಗಿ ಕಿಂಡಿಗೆ ಬಂದಳು. "ಸರ್, ಒಬ್ಬರು ನಿಮ್ಮ ಅಕ್ಕ ಅಂತಿದ್ದಾರೆ."

ಆ ಹೊತ್ತಿಗೆ ಮುಖ್ಯಸ್ಥೆ ಮತ್ತು ಮ್ಯಾನೇಜರು ಕೌಂಟರಿನ ಪಕ್ಕದಲ್ಲೇ ಕಾಗದ ಹರಡಿಕೊಂಡು ನಿಂತಿದ್ದರು. ಎದ್ದು ಹೋಗಿ ಇವಳು ನನ್ನಕ್ಕ, ಇದು ಅವಳದೇ ಕೈ ಅಂದರೆ ಮುಂದಿನ ಪ್ರಶ್ನೆ ಏನೆಂದು ಮಾಸ್ತರಿಗೆ ಗೊತ್ತಿತ್ತು. ಹಾಗಾದರೆ ಚುಕ್ಕೆ ಯಾಕಿಟ್ಟಿರಿ?

ಮಾಸ್ತರು ಕೆಳಗಿನ ಡ್ರಾಯರು ಎಳೆದರು. "ಫಾರಂ ಕೊಡಮ್ಮ," ಎಂದರು.

ಆಮೇಲೆ ಅಕ್ಕನ ಚಪ್ಪಲಿಯ ಸದ್ದು ಗಾಜಿನ ಬಾಗಿಲವರೆಗೆ ಹೋಯಿತು. ಆ ಬಾಗಿಲು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಅವಳು ಒದ್ದಾಡಿದ್ದೂ, ಜವಾನ ಓಡಿಹೋಗಿ ತೆಗೆದದ್ದೂ ಕೇಳಿಸಿತು. ಮಾಸ್ತರಿಗೆ ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ನೆಲಕ್ಕೆ ಹೊಸ ಟೈಲ್ಸ್ ಹಾಕಿದ್ದರು. ಅದು ಬಾಯಿ ಬಿಡಲಿಲ್ಲ.

ಸಂಜೆ ಆರಕ್ಕೆ ಅಕ್ಕನ ಮನೆಗೆ ಹೋದರು. ಒಂದೇ ಕೋಣೆ, ಕಿಟಕಿಯ ಬಳಿ ಎತ್ತರದ ಸ್ಟೂಲು, ಸ್ಟೂಲಿನ ಎದುರು ಬಿಳಿ ಅಂಗಿಗಳ ರಾಶಿ. ಅವಳು ಸೂಜಿಯನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಹಿಡಿದು ಕಾಜ ಹೊಲಿಯುತ್ತಿದ್ದಳು. ಬೆರಳು ಮಡಚದ ಮೇಲೆ ಅವಳು ಕಂಡುಕೊಂಡ ದಾರಿ ಅದು. ಒಂದು ಕಾಜಕ್ಕೆ ಹಿಂದಿನ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು.

ಮಾಸ್ತರು ಜೇಬಿನಿಂದ ಲಕೋಟೆ ತೆಗೆದು ಅಂಗಿಗಳ ಮೇಲಿಟ್ಟರು. "ಆಸ್ಪತ್ರೆಗೆ ಕಟ್ಟು. ಆಮೇಲೆ ನೋಡಿಕೊಳ್ಳೋಣ."

"ಒಳಗೇ ಇದ್ದೆ ಅಲ್ವಾ?"

"ಇದ್ದೆ."

"ನನ್ನ ದನಿ ಕೇಳಿಸ್ತಾ?"

"ಕೇಳಿಸ್ತು."

ಅವಳು ದಾರ ಕಚ್ಚಿ ಕತ್ತರಿಸಿದಳು. "ನಾನು ಮನೆಗೆ ಬರೋ ತನಕ ಅಂದ್ಕೊಂಡು ಬಂದೆ ಕಣೋ, ಇವನಿಗೆ ಹೊಟ್ಟೆ ಕೆಟ್ಟು ಎದ್ದು ಹೋಗಿರ್ಬೇಕು, ಫಾರಂ ಕೊಡು ಅಂತ ಬೇರೆ ಯಾರೋ ಹೇಳಿರ್ಬೇಕು ಅಂತ. ಯಾಕೋ ಹಾಗೆ ಮಾಡ್ದೆ?"

ಮಾಸ್ತರು ಎಲ್ಲವನ್ನೂ ಹೇಳಿದರು. ಚುಕ್ಕೆಯ ನಿಜವಾದ ಅರ್ಥ, ತಾನು ಹೇಳಿದ ಅರ್ಥ, ಕೈ ಕುಲುಕಿದ್ದು, ಬಂಗಾರದ ಅಂಚು, ಬಸ್ ಡ್ರೈವರನ್ನು ವಾಪಸ್ಸು ಕಳಿಸಿದ್ದು. ಹೇಳುತ್ತಾ ಹೇಳುತ್ತಾ ತಾನು ಈಗ ಕಣ್ಣೀರು ಹಾಕಿದರೆ ಅದೂ ಒಂದು ಮೋಸವೇ ಆಗುತ್ತದೆ ಅನ್ನಿಸಿ ತಡೆದುಕೊಂಡರು.

"ಅಂದ್ರೆ ಗೊತ್ತಿರೋರನ್ನೇ ಆರಿಸಿ ಆರಿಸಿ ಹಿಡಿದುಕೊಟ್ಟೆ," ಎಂದಳು ಅಕ್ಕ. ಬೈದ ದನಿಯಲ್ಲ, ಅಂಗಿಯ ಅಳತೆ ಸರಿಯಾಗಿ ತೆಗೆದುಕೊಂಡೆನೋ ಇಲ್ಲವೋ ಎಂದು ಕೇಳುವಂಥ ದನಿ. "ಗೊತ್ತಿಲ್ಲದೋರೆಲ್ಲ ಪಾರಾದ್ರು."

"ದುಡ್ಡು ಇಟ್ಕೋ ಅಕ್ಕ. ಶನಿವಾರ ತಪ್ಪಬಾರದು."

ಅವಳು ಲಕೋಟೆಯನ್ನು ಮೊಣಕೈಯಿಂದ ಅವರ ಕಡೆಗೇ ಸರಿಸಿದಳು. "ನನ್ನ ಹತ್ರ ದುಡ್ಡಿಲ್ಲ ಅಂತಲಾ ನಾನು ಬಂದದ್ದು? ನಿನ್ನ ದುಡ್ಡು ಕಟ್ಟಿದ್ರೆ ನಾನು ನಾನಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ಅದೂ ಅಲ್ದೆ, ಆ ಡ್ರೈವರಿಗೂ ಒಂದು ಲಕೋಟೆ ಕೊಡ್ತೀಯಾ? ಇನ್ನೂರು ಮನೆಗೆ ಕೊಡ್ತೀಯಾ? ಹೋಗು. ಕೊಡೋದಿದ್ರೆ ಆಡಿದ ಮಾತು ಬದಲಾಯಿಸಿ ಕೊಡು."

ಮರುದಿನ ಹತ್ತು ಗಂಟೆಗೆ ಮಾಸ್ತರು ಮ್ಯಾನೇಜರ ಕೋಣೆಗೆ ಹೋದರು. ಕಂಕುಳಲ್ಲಿ ಫ್ರೇಮು. ಹೆಂಡತಿಗೆ ಹೇಳದೆ ಗೋಡೆಯಿಂದ ಇಳಿಸಿಕೊಂಡು ಬಂದಿದ್ದರು. ಮುಖ್ಯಸ್ಥೆಯೂ ದುಭಾಷಿಯೂ ಅಲ್ಲೇ ಇದ್ದರು.

"ಚುಕ್ಕೆ ಬಗ್ಗೆ ನಾನು ಸುಳ್ಳು ಹೇಳಿದ್ದೆ," ಎಂದರು ಮಾಸ್ತರು.

"ಮಾಸ್ತರೇ, ಟೀ ಕುಡಿದ್ರಾ? ಆಮೇಲೆ ಮಾತಾಡೋಣ," ಎಂದು ಮ್ಯಾನೇಜರು ಎದ್ದರು. ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು: "ಹದಿನಾಲ್ಕು ತಿಂಗಳು ಬಾಯಿ ಮುಚ್ಕೊಂಡು ಇರಕ್ಕಾಗಲ್ವೇನ್ರೀ?"

ಮಾಸ್ತರು ದುಭಾಷಿಯ ಮುಖ ನೋಡಿ ನಿಧಾನವಾಗಿ, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಹೇಳಿದರು. ಮುಖ್ಯಸ್ಥೆ ಬರೆದುಕೊಂಡರು. ಕೊನೆಗೆ ಕೇಳಿದರು.

"ಅಂದರೆ ಹೊಂದದ ಸಹಿಗಳಿಗೆ ಇಪ್ಪತ್ತೆಂಟು ವರ್ಷ ಹಣ ಕೊಡಿಸಿದ್ದೀರಿ?"

"ಹೌದು."

"ಯಾವ ದಾಖಲೆ ನೋಡಿ?"

"ಮುಖ ನೋಡಿ."

ದುಭಾಷಿ ಅದನ್ನು ಹೇಳಲು ಸ್ವಲ್ಪ ತಡಕಾಡಿದ. ಆಕೆ ಲೇಖನಿ ಕೆಳಗಿಟ್ಟರು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದವರ ಹಾಗೆ ಮತ್ತೊಂದು ಪ್ರಶ್ನೆ ಕೇಳಿದರು.

"ಅವತ್ತೇ ಹೀಗೆ ಹೇಳಿದ್ದರೆ ನಾನು ಕಿವಿಗೊಡುತ್ತಿದ್ದೆ, ಯಾಕೆ ಹೇಳಲಿಲ್ಲ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ವಿದೇಶದವರು ಹೆದರಿಸಿದರು, ಮ್ಯಾನೇಜರು ಹೆದರಿಸಿದರು ಎಂದು ಮಾಸ್ತರು ಇಪ್ಪತ್ತು ದಿನ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಸಮಜಾಯಿಷಿ ಅಲ್ಲೇ ಕುಸಿಯಿತು. ಅವರ ಕತ್ತಿನ ಮೇಲೆ ಯಾರೂ ಕತ್ತಿ ಇಟ್ಟಿರಲಿಲ್ಲ. ದೇಶದ ಬ್ಯಾಂಕನ್ನು ಮಾರಿದವರ ಮೇಲೆ ಹಲ್ಲು ಕಡಿಯುವ ನಾವೆಲ್ಲ ನಮ್ಮ ಪಾಲಿನ ಮೂಲೆಯನ್ನು ಯಾರಾದರೂ ಕೇಳುವ ಮೊದಲೇ ಬಿಟ್ಟುಕೊಡುತ್ತೇವೆ, ಕೈಕುಲುಕಿದರೆ ಸಾಕು.

ಎರಡು ತೀರ್ಮಾನ ಬಂದವು, ಬರುವುದಕ್ಕೆ ಒಂಬತ್ತು ದಿನ ಹಿಡಿಯಿತು. ಒಂದು, ಖಾತೆಗಳ ಬೀಗ ತೆಗೆಯಬಹುದು. ಆದರೆ ಮಾಸ್ತರು ಒಬ್ಬ ಅಧಿಕಾರಿಯ ಜೊತೆ ಪ್ರತಿಯೊಬ್ಬರ ಮನೆಗೂ ಹೋಗಿ, ಎದುರಿಗೇ ಹೊಸ ಸಹಿ ಹಾಕಿಸಿಕೊಂಡು, ಕೆಳಗೆ ಸಾಕ್ಷಿ ಹಾಕಬೇಕು. ಎರಡು, ಆ ಕೆಲಸ ಮುಗಿದ ದಿನವೇ ಮಾಸ್ತರು ಮನೆಗೆ. ನಿಯಮ ಮೀರಿ ಹಣ ಕೊಡಿಸಿದ್ದಕ್ಕೆ ಹೋಗುವಾಗಿನ ಗಂಟು ಇಲ್ಲ. ಮೆಚ್ಚುಗೆ ಪತ್ರವನ್ನು ವಾಪಸ್ಸು ತೆಗೆದುಕೊಂಡರು. ಫ್ರೇಮನ್ನು ಮಾತ್ರ ಜವಾನ ಬಿಚ್ಚಿ ಕೊಟ್ಟ. "ಇದು ನಿಮ್ದು, ನಿಮ್ಮ ದುಡ್ಡಿಂದು," ಎಂದ.

ಅಷ್ಟರಲ್ಲಿ ಶನಿವಾರ ಕಳೆದುಹೋಗಿತ್ತು. ಆಸ್ಪತ್ರೆಯವರು ಅಕ್ಕನಿಗೆ ನಾಲ್ಕು ತಿಂಗಳ ಆಚೆಯ ದಿನಾಂಕ ಕೊಟ್ಟಿದ್ದರು.

ಮೊದಲು ಹೋದದ್ದು ಡ್ರೈವರನ ಮನೆಗೆ. ಅಕ್ಕನ ಮನೆಯನ್ನೇ ಮೊದಲು ಮಾಡುವ ಮುಖ ಮಾಸ್ತರಿಗೆ ಇರಲಿಲ್ಲ. ಡ್ರೈವರು ಬಾಗಿಲು ತೆಗೆದ, ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದ. ಆಮೇಲೆ ಇನ್ನೂ ಹತ್ತು ಮನೆ. ಕೆಲವರು ಕುರ್ಚಿ ಕೊಟ್ಟರು, ಕೆಲವರು ನೀರು ಕೊಟ್ಟರು. ಕೊಟ್ಟವರ ಮನೆಯಲ್ಲೇ ಹೆಚ್ಚು ಕಷ್ಟವಾಯಿತು.

ಹನ್ನೆರಡನೆಯದು ಅಕ್ಕನ ಮನೆ. ಅವಳು ಅಂಗಿಗಳನ್ನು ಪಕ್ಕಕ್ಕೆ ಸರಿಸಿ, ಲೇಖನಿಯನ್ನು ಸೂಜಿ ಹಿಡಿಯುವ ಹಾಗೆಯೇ ಅಂಗೈಗೆ ಒತ್ತಿಕೊಂಡು, ತನ್ನ ಹೆಸರನ್ನು ದೊಡ್ಡ ಸೊಟ್ಟ ಅಕ್ಷರಗಳಲ್ಲಿ ಬರೆದಳು. ಜೊತೆಗೆ ಬಂದಿದ್ದ ಎಳೆ ವಯಸ್ಸಿನ ಅಧಿಕಾರಿ ಕಾಗದ ತಿರುಗಿಸಿ ಮಾಸ್ತರ ಮುಂದಿಟ್ಟಳು.

"ಇಲ್ಲಿ ನಿಮ್ಮ ಸಹಿ ಸರ್. ಅದಕ್ಕೆ ಮೊದಲು ಈ ಕಾಲಂ. ಖಾತೆದಾರರು ಸಾಕ್ಷಿಗೆ ಎಷ್ಟು ಕಾಲದಿಂದ ಪರಿಚಯ?"

ಮಾಸ್ತರು ಲೇಖನಿ ಹಿಡಿದು 'ಹುಟ್ಟಿದಂದಿನಿಂದ' ಎಂದು ಬರೆಯಲು ಹೊರಟರು.

"ಅಂಕಿಯಲ್ಲಿ ಬರೀಬೇಕು ಸರ್."

"ಎಷ್ಟು ಬರೀತಾನೆ?" ಎಂದು ಅಕ್ಕ ಕೇಳಿದಳು.

"ಐವತ್ತೇಳು ವರ್ಷ," ಎಂದರು ಮಾಸ್ತರು.

ಅಕ್ಕ ಸೂಜಿಗೆ ದಾರ ಪೋಣಿಸಲು ಕಿಟಕಿಯ ಕಡೆ ತಿರುಗಿದಳು. "ಅದರಲ್ಲಿ ಆ ಮೂರು ವಾರ ಕಳೆದು ಬರಿ."

ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಅಧಿಕಾರಿ ನಕ್ಕಳು. ಮಾಸ್ತರು ಕಾಗದದ ಮೇಲೆ ಬಗ್ಗಿದರು. ಕಾಲಂನಲ್ಲಿ ವರ್ಷಕ್ಕೆ ಒಂದು ಚೌಕ, ತಿಂಗಳಿಗೆ ಒಂದು ಚೌಕ ಇತ್ತು. ಅವರು ಐವತ್ತಾರು ಎಂದು ಬರೆದರು, ಪಕ್ಕದಲ್ಲಿ ಹನ್ನೊಂದು ಎಂದು ಬರೆದರು. ವಾರಗಳಿಗೆ ಚೌಕ ಇರಲಿಲ್ಲ. ಕೆಳಗೆ ಸಹಿ ಹಾಕಿ, ಕಾಗದವನ್ನು ಚೀಲಕ್ಕೆ ಸೇರಿಸಿ, ಮುಂದಿನ ಮನೆಯ ವಿಳಾಸ ತೆಗೆದರು. ಅವರು ಮೆಟ್ಟಿಲಿಳಿಯುವಾಗಲೂ ಅಕ್ಕನ ದಾರ ಸೂಜಿಯ ಕಣ್ಣಿಗೆ ಹೋಗಿರಲಿಲ್ಲ.